ಆರುವ ಮೊದಲೇ ಸೀಲು ಹಾಕಿದ ರೊಟ್ಟಿ

ಕವರಿನ ಒಳಗೆ ಸಣ್ಣ ಸಣ್ಣ ನೀರ ಹನಿ. ಅದು ನನ್ನ ಕಣ್ಣಿಗೆ ಬಿದ್ದದ್ದು ವಿಜಯಪುರ ಬಸ್ ಸ್ಟ್ಯಾಂಡಿನಲ್ಲಿ. ಬೆಂಗಳೂರು ಬಸ್ ಹೊರಡಲು ಹತ್ತು ನಿಮಿಷ ಇತ್ತು. ಕಾಲ ಬಳಿ ಆರು ಬಾಕ್ಸ್, 600 ಕಡಕ್ ರೊಟ್ಟಿ.

ಎಳ್ಳ ಅಮಾವಾಸ್ಯೆಯ ವಾರ ಅದು. 400 ರೊಟ್ಟಿಗೆ ಒಪ್ಪಿಕೊಂಡಿದ್ದೆ. ಅವತ್ತು ಬೆಳಿಗ್ಗೆ ಗಿರಾಕಿ ಫೋನ್ ಮಾಡಿ ಇನ್ನೂ 200 ಸಜ್ಜಿ ರೊಟ್ಟಿ ಬೇಕು ಅಂದರು. ಆಗಲಿ ಅಂದುಬಿಟ್ಟೆ. ಕೊನೆಯ ಹಂಚು ಇಳಿದಾಗ ಹೊತ್ತು ಮುಳುಗಿತ್ತು. ನಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕ ಆಗಲೇ ಹೇಳಿದ್ದರು, "ಇವು ಇನ್ನ ಬೆವರ್ತಾವ್ರಿ, ರಾತ್ರಿ ಹರವಿ ಬಿಡೂಣು." ನಾನು ಕೇಳಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಕೂಡಿಟ್ಟು ತಂದ ಸೀಲಿಂಗ್ ಮಷೀನು ಮುಂದೆ ಇತ್ತು. ಟಕ ಟಕ ಸೀಲು ಹಾಕಿದೆ.

ಬಸ್ ಸ್ಟ್ಯಾಂಡಿನಲ್ಲಿ ಒಂದು ಬಾಕ್ಸ್ ಬಿಚ್ಚಿದೆ, ಮತ್ತೆ ಮುಚ್ಚಿದೆ. ಕಂಡಕ್ಟರ್ ಎರಡು ಸಲ ಕೇಳಿದರು, "ಹಾಕೂದೋ ಬ್ಯಾಡೋ?" ಸಜ್ಜಿ ರೊಟ್ಟಿಯ ಎರಡು ಬಾಕ್ಸ್ ಅಷ್ಟೇ ವಾಪಸ್ ತರಬಹುದಿತ್ತು. ಗಿರಾಕಿ ಕೈಬಿಡುತ್ತಾರೆ ಅನ್ನೋ ಹೆದರಿಕೆಗೆ ಆರನ್ನೂ ಹಾಕಿಸಿದೆ.

ನಾಲ್ಕನೇ ದಿನ ಫೋಟೋ ಬಂತು. ಎಳ್ಳಿನ ಸುತ್ತ ಹಸಿರು ಬೂಜು. ಆ 200 ರೊಟ್ಟಿಯ 1,400 ರೂಪಾಯಿ ವಾಪಸ್ ಹಾಕಿದೆ. ಅದು ಹೋದರೆ ಹೋಗಲಿ. ಆದರೆ ಮೊದಲು ನಾನು ಮಾಡಿದ್ದೇನು ಗೊತ್ತಾ? ಆ ಅಕ್ಕನಿಗೇ ಫೋನ್ ಮಾಡಿ, "ಹಸಿ ಹಸಿ ಬೇಯಿಸೀರಿ" ಅಂತ ಬೈದೆ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಎಂಟು ದಿನ ಕೆಲಸಕ್ಕೆ ಬರಲಿಲ್ಲ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಮ್ಮ ಓಣಿಯಲ್ಲಿ ಲಾಕ್‌ಡೌನಿಗಿಂತ ಮುಂಚೆ ರೊಟ್ಟಿ ಮಾರುವ ಮನೆ ಒಂದೇ ಇತ್ತು. ಈಗ ನಾಲ್ಕಿವೆ. ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಮಾಡುವವರು ಬೇರೆ. ಕಾಗದದ ಕೆಲಸ ಸುಲಭ ಆಗಿದೆ, ಒಳ್ಳೆಯದೇ ಆಯಿತು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ದುಡ್ಡಿಲ್ಲ. ತಿನ್ನುವ ಪದಾರ್ಥ ಮಾರಲು ಬೇಕಾದ ಎಫ್ಎಸ್ಎಸ್ಎಐ ನೋಂದಣಿಗೆ ನಾನು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಸಣ್ಣ ವ್ಯಾಪಾರದವರಿಗೆ ಸಾಲ ಕೊಡಿಸುವ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಸಿಗುತ್ತದೆ. ನಾನು ಹೋದ ತರಬೇತಿಯಲ್ಲಿ ಇದನ್ನೆಲ್ಲ ಹೇಳಿದರು. ಲೇಬಲ್ ಮೇಲೆ ಏನಿರಬೇಕು ಅಂತ ಅರ್ಧ ದಿನ ಹೇಳಿದರು. ರೊಟ್ಟಿ ಎಲ್ಲಿ ಆರಿಸುತ್ತೀರಿ, ಒಂದು ದಿನಕ್ಕೆ ನಿಮ್ಮ ಕೈಯಲ್ಲಿ ಎಷ್ಟು ಆಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನನ್ನಂಥವರು ಮುಗ್ಗರಿಸುವುದು ಅಲ್ಲೇ ಅಲ್ವಾ?

ಒಂಬತ್ತನೇ ದಿನ ಅಕ್ಕನ ಮನೆಗೆ ಹೋಗಿ, ತಪ್ಪು ನಂದು ಅಂದೆ. "ಚಾ ಕುಡೀರಿ" ಅಂದರು, ಅಷ್ಟೇ. ಮರುದಿನ ಬಂದರು.

ಈಗ ಸಂಜೆ ಇಳಿದ ರೊಟ್ಟಿಗೆ ಅವತ್ತೇ ಸೀಲು ಹಾಕುವುದಿಲ್ಲ. ಬೆಳಿಗ್ಗೆ ಅಕ್ಕ ಪ್ರತಿ ಹರವಿನಿಂದ ಒಂದು ರೊಟ್ಟಿ ಎತ್ತಿ, ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಟಕ್ ಅಂದರೆ ನನ್ನ ಕಡೆ ನೋಡಿ ತಲೆ ಆಡಿಸುತ್ತಾರೆ. ಆಮೇಲೆ ನಾನು ಮಷೀನಿನ ಪಿನ್ ಹಾಕುತ್ತೇನೆ.