ಜೋಗದಲ್ಲಿ ನೀರಿದ್ಯಾ ಅಂತ ಕೇಳೋರಿಗೆಲ್ಲ

ಜೂನಲ್ಲಿ ನಾಲ್ಕು ಮಳೆ ಬಿದ್ರೆ ಸಾಕು, ಫೋನ್ ಶುರು. "ಜೋಗದಲ್ಲಿ ನೀರಿದ್ಯಾ?" ಹೇಗಿದೀಯ ಇಲ್ಲ, ಊಟ ಆಯ್ತಾ ಇಲ್ಲ. ವರ್ಷಗಟ್ಟಲೆ ಮಾತೇ ಆಡದ ಕಾಲೇಜ್ ಫ್ರೆಂಡು, ಹಳೇ ಆಫೀಸಿನ ಮ್ಯಾನೇಜರ್ರು, ಹೆಂಡತಿ ಕಡೆ ದೂರದ ನೆಂಟರು, ಎಲ್ಲರಿಗೂ ನಾನು ಜೋಗದ ವಾಚ್‌ಮನ್. ನಮ್ಮ ಮನೆ ಇರೋದು ಶಿವಮೊಗ್ಗ ತಾಲ್ಲೂಕಲ್ಲಿ, ಜೋಗ ಅಲ್ಲಿಂದ ಹತ್ರತ್ರ ನೂರು ಕಿಲೋಮೀಟರ್ ಮಾರಾಯ್ರೇ, ಕಿಟಕಿ ತೆಗೆದು ಬಗ್ಗಿ ನೋಡಿ ಹೇಳೋಕಾಗಲ್ಲ.

ಒಂದೇ ಸಲ ಬರೆದಿಟ್ಬಿಡ್ತೀನಿ. ಜೋಗದಲ್ಲಿ ನೀರು ಬೀಳೋದು ಬಿಡೋದು ಮಳೆಗಿಂತ ಜಾಸ್ತಿ ಲಿಂಗನಮಕ್ಕಿ ಡ್ಯಾಮಿನ ಕೈಯಲ್ಲಿದೆ. 1964ರಲ್ಲಿ ಆದ ಡ್ಯಾಮು. ಶರಾವತಿನ ಜೋಗಕ್ಕಿಂತ ಮೇಲೇ ತಡೆದು, ತಳಕಳಲೆ ಅನ್ನೋ ಇನ್ನೊಂದು ಜಲಾಶಯದ ಕಡೆ ತಿರುಗಿಸಿ, ಅಲ್ಲಿಂದ ದೊಡ್ಡ ದೊಡ್ಡ ಪೈಪಲ್ಲಿ ಕೆಳಗಿಳಿಸಿ ಕರೆಂಟ್ ತೆಗೀತಾರೆ, ಶರಾವತಿ ಪವರ್ ಹೌಸ್ ಒಂದೇ 1035 ಮೆಗಾವ್ಯಾಟ್. ನೀವು ನೋಡಕ್ಕೆ ಬರೋ ನೀರು ಪೈಪಲ್ಲಿ ಬೀಳ್ತಿರುತ್ತೆ ಅಂತ ಇಟ್ಕೊಳ್ಳಿ. ಡ್ಯಾಮ್ ತುಂಬೋದು 1819 ಅಡಿಗೆ, ಅದರ ಹತ್ರ ಬಂದು ಗೇಟ್ ತೆಗೆದ್ರೆ ರಾಜ ರಾಣಿ ರೋರರ್ ರಾಕೆಟ್ ನಾಲ್ಕೂ ಒಂದಾಗಿ ಬೀಳೋದು, ಕೆಲವು ವರ್ಷ ಗೇಟ್ ತೆಗೆಯೋ ಪ್ರಸಂಗನೇ ಬರಲ್ಲ. ಉಳಿದಂಗೆ ಕಾಣೋದು ಡ್ಯಾಮಿನ ಕೆಳಗಿನ ಕಾಡು ಗುಡ್ಡದ ಮಳೆನೀರು. ವಾಟ್ಸಾಪಲ್ಲಿ ಬಂದ ವೀಡಿಯೋ ಯಾವ ವರ್ಷದ್ದೋ ದೇವರಿಗೇ ಗೊತ್ತು.

ಆಯ್ತಾ? ಇಷ್ಟೇ ಬೇಕಾಗಿದ್ದೋರು ಇಲ್ಲಿಗೇ ನಿಲ್ಸಿ.

ಕೆಲವು ವರ್ಷದ ಹಿಂದೆ ಆಫೀಸಿನವರು ಟೆಂಪೋ ಟ್ರಾವೆಲರ್ ಮಾಡ್ಕೊಂಡು ಬಂದಿದ್ರು, ಬೇಡ ಅಂದ್ರೂ ನನ್ನೂ ಎಳ್ಕೊಂಡು ಹೋದ್ರು. ಜೋಗದಲ್ಲಿ ಎರಡು ಎಳೆ ನೀರು. ಒಬ್ಬ "ಇಷ್ಟಕ್ಕೆ ಬೆಂಗಳೂರಿಂದ ಬಂದ್ವಾ" ಅಂದ, ಇನ್ನೊಬ್ಬ ನನ್ನ ಹೆಗಲ ಮೇಲೆ ಕೈ ಹಾಕಿ "ನಿಮ್ಮ ಕಡೆಯೋರು ಡ್ಯಾಮಲ್ಲಿ ಯಾರೂ ಇಲ್ವಾ ಗುರು, ಒಂದರ್ಧ ಗಂಟೆ ಗೇಟ್ ತೆಗೆಸಪ್ಪ" ಅಂದ. ನಮ್ಮ ಅಜ್ಜನ ಮನೆ, ಗದ್ದೆ, ತೋಟ, ಭೂತನ ಕಟ್ಟೆ ಸಮೇತ ಎಲ್ಲಾ ಡ್ಯಾಮಲ್ಲೇ ಇದೆ, ಗೇಟಿನ ಪವರ್ ಒಂದು ಕೊಟ್ಟಿಲ್ಲ ಅಂದೆ. ಜೋಕು ಅನ್ಕೊಂಡು ನಕ್ಕರು.

ವಾಪಸ್ ಬರ್ತಾ ನಮ್ಮನೇಲೇ ಊಟ. ಗೇಟ್ ತೆಗೆಸಪ್ಪ ಅಂದವನೇ ದೊಡ್ಡಪ್ಪನ್ನ ಕೇಳಿದ, "ಎಷ್ಟೆಕರೆ ಸಾರ್ ನಿಮ್ದು?" ದೊಡ್ಡಪ್ಪ ಮಜ್ಜಿಗೆ ಬಡಿಸ್ತಾ "ನಮ್ಮ ಲೆಕ್ಕದಲ್ಲಿ ನಾಲ್ಕೂವರೆ, ಸರ್ಕಾರದ ಲೆಕ್ಕದಲ್ಲಿ ಸೊನ್ನೆ" ಅಂದ್ರು. ಅದಕ್ಕೂ ನಕ್ಕರು. ಇಡೀ ದಿನದಲ್ಲಿ ಯಾರಾದ್ರೂ ಕೇಳಿದ ಒಳ್ಳೇ ಪ್ರಶ್ನೆ ಅದೊಂದೇ, ಉತ್ತರ ಮಾತ್ರ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೊತ್ತಿಗೆ ಪಾಯಸ ಬಂತು.

ಸೊನ್ನೆ ಯಾಕೆ ಅಂದ್ರೆ ಹೀಗೆ. ಲಿಂಗನಮಕ್ಕಿ ಡ್ಯಾಮಿಗೆ ಊರು ಮುಳುಗೋವಾಗ ಶರಾವತಿ ದಂಡೆಯೋರನ್ನ ಪಾತ್ರೆ ಪಡಗ ದನ ಕರು ಸಮೇತ ಲಾರಿಲಿ ತುಂಬ್ಕೊಂಡು ಬಂದು ಶಿವಮೊಗ್ಗ, ಭದ್ರಾವತಿ, ಹೊಸನಗರ, ಹೀಗೆ ಸುತ್ತಮುತ್ತಲ ತಾಲ್ಲೂಕುಗಳ ಕಾಡಲ್ಲಿ ಇಳಿಸಿದ್ರು. ಅದಕ್ಕೂ ಮುಂಚೆ 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಡ್ಯಾಮ್ ಆದಾಗಲೇ ಒಂದ್ಸಲ ಎದ್ದು ಬಂದವರೂ ಅದರಲ್ಲಿ ಇದ್ರು. ಆ ಡ್ಯಾಮೂ ಈಗ ಲಿಂಗನಮಕ್ಕಿ ನೀರೊಳಗೇ ಇದೆ, ಬೇಸಿಗೇಲಿ ನೀರಿಳಿದ್ರೆ ಎದ್ದು ನಿಲ್ಲುತ್ತೆ, ಜನ ಹೋಗಿ ಸೆಲ್ಫಿ ತಗೋತಾರೆ. ನಮಗೆ ಕೊಟ್ಟ ಜಾಗ ಕಾಡು, ಕಡಿದು ಗದ್ದೆ ಮಾಡಿದ್ದು ಅಜ್ಜ. ಆದ್ರೆ ಅದನ್ನ ಅರಣ್ಯದ ದಾಖಲೆಯಿಂದ ಬಿಡಿಸಿ ಕಂದಾಯಕ್ಕೆ ಸೇರಿಸೋ ಕೆಲಸ ಯಾರೂ ನೆಟ್ಟಗೆ ಮುಗಿಸ್ಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಅಲ್ಲಿಂದಾಚೆಗೆ ಕಾಡಿನ ಜಾಗ ಬಿಡಿಸ್ಬೇಕಂದ್ರೆ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ಅದಿಲ್ದೇ ಮಾಡಿದ ಡಿನೋಟಿಫಿಕೇಶನ್ನು, ಅಂದ್ರೆ ಕಾಡಿನ ಲೆಕ್ಕದಿಂದ ಜಾಗ ಬಿಡಿಸೋ ಆದೇಶ, 2021ರಲ್ಲಿ ಹೈಕೋರ್ಟಲ್ಲಿ ಬಿದ್ದೋಯ್ತು. ಮುಳುಗಿಸೋಕೆ ಒಂದು ಮಳೆಗಾಲ ಸಾಕಾಯ್ತು, ಪಹಣೀಲಿ ಹೆಸರು ಕೂರಿಸೋಕೆ ಅರವತ್ತು ವರ್ಷ ಸಾಲ್ತಿಲ್ಲ. ನಮ್ಮನ್ನ ಸುತ್ತಲಿನ ಊರೋರು ಇವತ್ತಿಗೂ ಕರೆಯೋದು "ಮುಳುಗಡೆಯೋರು" ಅಂತ, ಮೊಮ್ಮಕ್ಕಳನ್ನೂ.

ಇಷ್ಟು ಹೇಳಿದ ತಕ್ಷಣ ಒಬ್ಬರಾದ್ರೂ ಬರ್ತಾರೆ, "ಹಾಗಾದ್ರೆ ಕರೆಂಟ್ ಬೇಡ್ವಾ ನಿಮಗೆ?" ಬೇಕು ಸ್ವಾಮಿ, ಫ್ಯಾನ್ ಕೆಳಗೇ ಕೂತು ಟೈಪ್ ಮಾಡ್ತಿದೀನಿ. ಕರೆಂಟ್ ಬೇಡ ಅಂತ ನಮ್ಮ ಅಜ್ಜನೂ ಹೇಳಿರಲಿಲ್ಲ, ಅವರನ್ನ ಯಾರು ಕೇಳಿದ್ರು ಅದು ಬೇರೆ ವಿಷಯ. ಹಿನ್ನೀರಿನಾಚೆ ತುಮರಿ ಕಡೆ ಉಳ್ಕೊಂಡೋರನ್ನ ಕೇಳಿ ಈ ಪ್ರಶ್ನೆ, ಅಲ್ಲಿನ ಎಷ್ಟೋ ಮನೆಗೆ ಕರೆಂಟ್ ಬಂದಿದ್ದು ರಾಜ್ಯಕ್ಕೆಲ್ಲ ಹಂಚಿ ಎಷ್ಟೋ ಕಾಲ ಆದ್ಮೇಲೆ. ಹಿನ್ನೀರು ದಾಟೋಕೆ ಲಾಂಚೇ ಗತಿ ಆಗಿತ್ತು, ಕತ್ತಲಾದ್ರೆ ಅದೂ ಇರ್ತಿರಲಿಲ್ಲ, ಹೆರಿಗೆ ನೋವು ಬಂದ್ರೂ ಇರ್ತಿರಲಿಲ್ಲ. "ಈಗ ಸಿಗಂದೂರು ಸೇತುವೆ ಆಯ್ತಲ್ಲ" ಅಂತೀರಿ. ಆಯ್ತು, 2025ರ ಜುಲೈಲಿ, ಎರಡು ಕಿಲೋಮೀಟರ್ ಮೇಲೆ ಉದ್ದ, ಬಹಳ ಚೆನ್ನಾಗಿದೆ, ನಾನೂ ಗಾಡಿ ನಿಲ್ಸಿ ಫೋಟೋ ತೆಗ್ದೆ. ಇನ್ನು ತಳಕಳಲೆಗೂ ಕೆಳಗಿನ ಗೇರುಸೊಪ್ಪೆ ಡ್ಯಾಮಿಗೂ ಮಧ್ಯೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಅಂತೆ, ಕೆಳಗಿನ ನೀರನ್ನ ಮತ್ತೆ ಮೇಲಕ್ಕೆ ಪಂಪ್ ಮಾಡಿ ಇಳಿಸಿ ಕರೆಂಟ್ ತೆಗೆಯೋದಂತೆ, ಅದಕ್ಕೆ ಬೇರೆ ಹೊಸ ಡ್ಯಾಮೇ ಬೇಡ ಅಂತೆ, ಏನೂ ಮುಳುಗಲ್ಲ ಅಂತೆ. ಈ ಅಂತೆಗಳನ್ನ ಕೇಳಿ ನಮ್ಮ ಕಡೆಯೋರು ಪ್ರೊಟೆಸ್ಟಿಗೆ ಹೋದ್ರೆ ನಿಮಗ್ಯಾಕೆ ಆಶ್ಚರ್ಯ?

ನನ್ನನ್ನ ಕೇಳಲೇಬೇಕು ಅಂದ್ರೆ ಪಹಣಿ ಯಾರ ಹೆಸರಲ್ಲಿದೆ ಅಂತ ಕೇಳಿ. ದೊಡ್ಡಪ್ಪನ ಮಗ ಬೋರ್‌ವೆಲ್ ಲೋನಿಗೆ ಅಂತ ಬ್ಯಾಂಕಿಗೆ ಹೋಗಿದ್ದ, ಮ್ಯಾನೇಜರ್ ಕಂಪ್ಯೂಟರ್ ನೋಡಿ "ಇದು ಫಾರೆಸ್ಟ್ ಅಂತ ಬರ್ತಿದೆಯಲ್ರೀ" ಅಂದ್ರಂತೆ. ಆಮೇಲೆ ಅವರೇ, ಇವನು ಸಾಗರದ ಕಡೆ ಮೂಲದೋನು ಅಂತ ಗೊತ್ತಾಗಿ, ಈ ಸಲ ಜೋಗದಲ್ಲಿ ನೀರು ಹೇಗೆ ಅಂತ ವಿಚಾರಿಸಿದ್ರಂತೆ. ಅವನು ಚೆನ್ನಾಗಿದೆ ಸಾರ್ ಅಂತ ಹೇಳಿ ಬಂದ. ಮಳೆ ನಿಂತ್ಮೇಲೆ ಮತ್ತೆ ಸರ್ವೆಗೆ ಬರ್ತಾರಂತೆ, ದೊಡ್ಡಪ್ಪ ಕಾಗದ ಎಲ್ಲ ಮೂರು ಸೆಟ್ ಜೆರಾಕ್ಸ್ ಮಾಡ್ಸಿಟ್ಟಿದಾರೆ, ಫಾರೆಸ್ಟಿನೋರಿಗೊಂದು, ಕಂದಾಯದೋರಿಗೊಂದು, ಅವರಿಬ್ಬರೂ ಕಳೆದ್ಹಾಕಿದ್ರೆ ಇರ್ಲಿ ಅಂತ ಇನ್ನೊಂದು.