76 ಸೆಂ.ಮೀ. ಬೆಂಚು: ಮರಗೆಲಸಕ್ಕೆ ಬರುವ ಹೆಂಗಸರಿಗಾಗಿ, ಆರು ವಾರದ ದಾಖಲೆ

ವಾರ 1: ಅಳತೆ

ಮರಗೆಲಸ ಹೊಸದಾಗಿ ಕಲಿಯುವ ಹೆಂಗಸರ ಬಳಕೆಗೆ, ನಿಂತು ಕೆಲಸ ಮಾಡುವ ಒಂದು ಬೆಂಚು. ಬಳಸುವವರ ಎತ್ತರ 152ರಿಂದ 158 ಸೆಂ.ಮೀ. ಸಿದ್ಧ ನಕ್ಷೆಗಳಲ್ಲಿ ಬೆಂಚು ಸಾಮಾನ್ಯವಾಗಿ 86ರಿಂದ 91 ಸೆಂ.ಮೀ. ಎತ್ತರ ಇರುತ್ತದೆ. ಅದು ಆರಡಿ ಆಳಿಗೆ ಹೊಲಿದ ಅಂಗಿ. 155 ಸೆಂ.ಮೀ. ಎತ್ತರದವರು ಅದರ ಮೇಲೆ ತೋಪಡ (ಮರ ಹೆರೆದು ನಯ ಮಾಡುವ ಉಪಕರಣ) ಹೊಡೆಯಲು ನಿಂತರೆ ಭುಜ ಕಿವಿಯ ಹತ್ತಿರ ಏರುತ್ತದೆ, ಮೊಣಕೈ ಪಕ್ಕಕ್ಕೆ ಚಾಚುತ್ತದೆ. ಮೈಭಾರ ತೋಪಡದ ಮೇಲೆ ಬೀಳುವುದೇ ಇಲ್ಲ; ಬರೀ ತೋಳು ತಳ್ಳುತ್ತದೆ. ಹತ್ತು ನಿಮಿಷಕ್ಕೆ ತೋಳು ಸೋತು, "ಇದು ಹೆಂಗಸರ ಕೈಲಿ ಆಗೋದಲ್ಲ" ಎಂಬ ತೀರ್ಪು ಹೊರಬೀಳುತ್ತದೆ. ತೀರ್ಪು ಕೊಡಬೇಕಾದದ್ದು ಬೆಂಚಿಗೆ.

ಅಳತೆ ತೆಗೆದ ಬಗೆ: ಕೆಲಸಕ್ಕೆ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ನೇರ ನಿಂತು ಕೈ ಇಳಿಬಿಡುವುದು. ನೆಲದಿಂದ ಮಣಿಕಟ್ಟಿನ ಗೆರೆವರೆಗೆ ಎಷ್ಟೋ ಅಷ್ಟು ತೋಪಡದ ಕೆಲಸಕ್ಕೆ ಸರಿಯಾದ ಎತ್ತರ. ನಮ್ಮ ಗುಂಪಿಗೆ ಅದು 74ರಿಂದ 77ರ ನಡುವೆ ಬಂತು. 76 ಅಂತ ಗೊತ್ತು ಮಾಡಿದ್ದಾಯಿತು. ಹೆಚ್ಚೇ ಇರಲಿ ಎಂದು 80 ಮಾಡಿದರೂ ನಡೆಯುತ್ತಿತ್ತು, ಆಮೇಲೆ ಕಾಲು ಕತ್ತರಿಸಬಹುದಲ್ಲ; ಆದರೆ ಒಮ್ಮೆ ನಿಂತ ಬೆಂಚಿನ ಕಾಲನ್ನು ಯಾರೂ ಕತ್ತರಿಸುವುದಿಲ್ಲ.

ಈ ಎತ್ತರದಲ್ಲಿ ಒಂದು ತೊಂದರೆ ಇದೆ. ಗರಗಸದ ನಾಜೂಕು ಕೆಲಸ, ಗೆರೆ ಹಾಕುವುದು, ಉಳಿಯಲ್ಲಿ ಸವರುವುದು ಇವಕ್ಕೆಲ್ಲ ಮೊಣಕೈಗಿಂತ ಸ್ವಲ್ಪ ಕೆಳಗೆ ಮರ ಇರಬೇಕು. ಇಲ್ಲದಿದ್ದರೆ ಬೆನ್ನು ಬಾಗಿ ಸಂಜೆಗೆ ನಡು ಹಿಡಿಯುತ್ತದೆ. ಅದಕ್ಕೆ ಮೇಲಿಟ್ಟು ಕ್ಲ್ಯಾಂಪ್ ಮಾಡುವ ಪುಟ್ಟ ಬೆಂಚು ಒಂದು ಬೇಕು, ಎತ್ತರ 18 ಸೆಂ.ಮೀ. 76 ಮತ್ತು 18 ಸೇರಿ 94. ಅದು ಮುಂದಿನ ಕೆಲಸ.

ಸಾಮಾನು: ಒಣ ಪೈನ್. ಹಲಗೆಗೆ 45×70 ಮಿ.ಮೀ. ತುಂಡು 11, ಉದ್ದ 150 ಸೆಂ.ಮೀ. ಕಾಲಿಗೆ 45×90ರ ತುಂಡು 8, ಎರಡೆರಡು ಅಂಟಿಸಿ ನಾಲ್ಕು ಕಾಲು. ಅಡ್ಡಪಟ್ಟಿ ಗಿಡ್ಡವು 4, ಉದ್ದವು 2, ಎಲ್ಲ 45×90. ಎಂ10 (10 ಮಿ.ಮೀ. ದಪ್ಪದ) ಬೋಲ್ಟು 150 ಮಿ.ಮೀ. ಉದ್ದದ್ದು 4, ಅದಕ್ಕೆ ಸಿಲಿಂಡರ್ ನಟ್ಟು (ಅಡ್ಡ ತೂತಿನಲ್ಲಿ ಕೂರುವ ದುಂಡು ನಟ್ಟು) 4. ಪಿವಿಎ ಅಂಟು (ಮರಕ್ಕೆ ಬಳಸುವ ಬಿಳಿ ಅಂಟು) ಒಂದು ಲೀಟರ್, ಮುಕ್ಕಾಲು ಪಾಲು ಸಾಕಾಯಿತು.

ವಾರ 2: ಸಾಣೆ

ಮರ ಮುಟ್ಟುವ ಮೊದಲು ಇಡೀ ವಾರ ಇದಕ್ಕೇ ಹೋಯಿತು. ಹೋಗಲಿ. ಶಕ್ತಿ ಸಾಲದು ಅನ್ನಿಸುವ ಹತ್ತರಲ್ಲಿ ಎಂಟು ಸಲ ಸಾಲದಿರುವುದು ಹರಿತ.

ಹೊಸ ಉಳಿ ಕಾರ್ಖಾನೆಯಿಂದ ಹರಿತವಾಗಿ ಬರುತ್ತದೆ ಎಂಬುದು ತಪ್ಪು ನಂಬಿಕೆ. ಬರುವುದು 25 ಡಿಗ್ರಿಯ ಇಳಿಜಾರು ಮಾತ್ರ, ಬೆನ್ನಿನ (ಇಳಿಜಾರಿಲ್ಲದ ಚಪ್ಪಟೆ ಬದಿಯ) ತುಂಬ ಗ್ರೈಂಡರ್ ಗೀರು. ಮೊದಲು ಬೆನ್ನು: ತುದಿಯ 20–25 ಮಿ.ಮೀ. ಮಾತ್ರ ಕನ್ನಡಿಯಾದರೆ ಸಾಕು, ಪೂರ್ತಿ ಉಳಿ ತಿಕ್ಕುತ್ತ ಕೂರಬೇಕಿಲ್ಲ. ಆಮೇಲೆ ಪಕ್ಕದಿಂದ ಹಿಡಿಯುವ ಹೋನಿಂಗ್ ಗೈಡು, ಅಂದರೆ ಸಾಣೆ ಹಿಡಿಯುವಾಗ ಉಳಿಯ ಕೋನ ಬದಲಾಗದಂತೆ ಹಿಡಿದಿಡುವ ಸಾಧನ. ಇದರಲ್ಲಿ ಉಳಿ 40 ಮಿ.ಮೀ. ಹೊರಚಾಚಿದರೆ 25 ಡಿಗ್ರಿ, 30 ಚಾಚಿದರೆ 30 ಡಿಗ್ರಿ. ತೋಪಡದ ಅಲಗಿಗೆ ಅದೇ ಲೆಕ್ಕ 50 ಮತ್ತು 38. ಪ್ರತಿ ಸಲ ಸ್ಕೇಲು ಹಿಡಿಯುವ ಬದಲು ಒಂದು ಹಲಗೆಗೆ ಈ ನಾಲ್ಕು ಅಳತೆಯಲ್ಲಿ ತಡೆಕಟ್ಟಿಗೆ ಮೊಳೆ ಹೊಡೆದಿಟ್ಟೆವು. ಗೈಡಿನಲ್ಲಿ ಉಳಿ ಸಿಕ್ಕಿಸಿ ತಡೆಗೆ ತಾಗಿಸಿ ಸ್ಕ್ರೂ ಬಿಗಿದರೆ ಮುಗಿಯಿತು.

ಸಾಣೆಕಲ್ಲಿನ ನಂಬರು ಹೆಚ್ಚಿದಷ್ಟೂ ಕಲ್ಲು ನುಣುಪು. ಮೊದಲು 1000ರ ಕಲ್ಲಿನ ಮೇಲೆ ತಿಕ್ಕುವುದು, ಬೆನ್ನಿನ ಕಡೆ ಸಣ್ಣ ಪೊರೆ ಏಳುವವರೆಗೆ. ಉಗುರನ್ನು ಬೆನ್ನಿನಿಂದ ಅಂಚಿನಾಚೆಗೆ ಜಾರಿಸಿದರೆ ತಡೆದಂತೆ ಗೊತ್ತಾಗುತ್ತದೆ. ಇಡೀ ಅಗಲಕ್ಕೂ ಆ ತಡೆ ಸಿಗಬೇಕು. ಒಂದು ಮೂಲೆಯಲ್ಲಿ ಸಿಗದಿದ್ದರೆ ಆ ಮೂಲೆ ಇನ್ನೂ ಮೊಂಡು. ಆಮೇಲೆ 6000ಕ್ಕೆ 30 ಡಿಗ್ರಿಯಲ್ಲಿ ಹತ್ತು ಹನ್ನೆರಡು ಎಳೆತ, ಬೆನ್ನಿಗೆ ಎರಡು. ಒತ್ತಡ ಅಲಗಿನ ತುದಿಯ ಮೇಲಿಟ್ಟ ಎರಡು ಬೆರಳಿನದು, ಅದೂ ತನ್ನ ಕಡೆ ಎಳೆಯುವಾಗ ಮಾತ್ರ.

ಕೆಟ್ಟದ್ದು: ಮೂರು ಉಳಿಗಳ ಅಂಚು ಓರೆಯಾಯಿತು. ಕಾರಣ ಎರಡು. ಗೈಡಿನ ಸ್ಕ್ರೂ ಕೈಯಲ್ಲೇ ತಿರುಗಿಸಿದ್ದು. ಕೊನೆಯ ಕಾಲು ಸುತ್ತು ಸ್ಕ್ರೂಡ್ರೈವರಿನಿಂದಲೇ ಆಗಬೇಕು. ಎರಡನೆಯದು, ಕಲ್ಲಿನ ನಡು ತಗ್ಗಾಗಿತ್ತು. ನೀರಿನ ಕಲ್ಲು ಬೇಗ ಸವೆಯುತ್ತದೆ. ಮೇಲೆ ಪೆನ್ಸಿಲಿನಿಂದ ಚೌಕುಳಿ ಹಾಕಿ, ಗಾಜಿನ ಮೇಲೆ ಅಂಟಿಸಿದ 220ರ ನೀರುಕಾಗದದ (ನೀರು ಹಾಕಿ ತಿಕ್ಕುವ ಉಪ್ಪುಕಾಗದ) ಮೇಲೆ ಎಲ್ಲ ಗೆರೆ ಅಳಿಯುವವರೆಗೆ ತಿಕ್ಕಿದಾಗ ಸರಿಹೋಯಿತು.

ಪರೀಕ್ಷೆಗೆ ಪೈನಿನ ಅಡ್ಡ ಕತ್ತರಿಸಿದ ತುದಿ. ಮೆತ್ತನೆ ಮರ ಸುಲಭ ಅಂದುಕೊಳ್ಳುತ್ತಾರೆ, ನಿಜಕ್ಕೆ ಅದೇ ಕಠಿಣ ಪರೀಕ್ಷಕ: ಅಲಗು ಸ್ವಲ್ಪ ಮೊಂಡಾಗಿದ್ದರೂ ನಾರು ತುಂಡಾಗದೆ ಜಜ್ಜಿ ಬೆಳ್ಳಗೆ ಪುಡಿಯಾಗುತ್ತದೆ. ಹರಿತವಿದ್ದರೆ ಸವರಿದ ಜಾಗ ಮೇಣದಂತೆ ಮಿನುಗುತ್ತದೆ. ಬಿಳಿ ಪುಡಿ ಬಂದರೆ ಮತ್ತೆ ಕಲ್ಲಿಗೆ.

ಉಪಕರಣದ ಗಾತ್ರದ ಬಗ್ಗೆ. 4ನೇ ನಂಬರ್ ಲೋಹದ ತೋಪಡ ಸುಮಾರು 1.7 ಕೆ.ಜಿ.; ಭಾರ ಅನ್ನುವವರು 3ನೇ ನಂಬರಿಗೆ ಇಳಿಯುತ್ತಾರೆ. ಅವಸರ ಬೇಡ. ಭಾರವೇ ಅಲಗನ್ನು ಮರದಲ್ಲಿ ಕೂರಿಸುವುದು, ಎತ್ತಬೇಕಾದದ್ದು ವಾಪಸು ಬರುವಾಗ ಮಾತ್ರ, ಆಗಲೂ ಹಿಂಬದಿ ತುಸು. ಇದರ ಹಿಂದಿನ ಹಿಡಿ ಇರುವುದು ಮೂರೇ ಬೆರಳಿಗೆ, ತೋರುಬೆರಳು ಮುಂದಕ್ಕೆ ಚಾಚಿರಬೇಕು. ದೊಡ್ಡ ಕೈಯವರು ಇಲ್ಲಿ ಒದ್ದಾಡುತ್ತಾರೆ, ಸಣ್ಣ ಕೈಗೆ ಇದು ಅಳತೆ ಮಾಡಿಸಿದಂತಿದೆ. ಗರಗಸದಲ್ಲಿ ಮಾತ್ರ ಉಲ್ಟಾ. ತಳ್ಳುವ ಗರಗಸದ ಹಿಡಿಯ ಕಿಂಡಿ ದೊಡ್ಡದಾದರೆ ಕೈ ಒಳಗೆ ಆಡಿ ಅಲಗು ಓಲಾಡುತ್ತದೆ. 240 ಮಿ.ಮೀ.ನ ಜಪಾನಿ ಎಳೆಗರಗಸದ ಹಿಡಿ ನೇರ ಕೋಲು, ಯಾವ ಕೈಗೂ ಒಗ್ಗುತ್ತದೆ. ಎಳೆಯುವಾಗ ಕತ್ತರಿಸುವುದರಿಂದ ಅಲಗು ತೆಳ್ಳಗಿದ್ದರೂ ಬಾಗುವುದಿಲ್ಲ, ತೆಳುವಾದಷ್ಟೂ ಕೊರೆಯಬೇಕಾದ ಮರ ಕಡಿಮೆ. ಕೊಡತಿ 700 ಗ್ರಾಮಿನದು ಬದಿಗಿಟ್ಟು 450ರದ್ದು ತಂದದ್ದು ಒಳ್ಳೆಯದಾಯಿತು. ಗುರಿ ತಪ್ಪುವುದು ನಿಂತಿತು.

ವಾರ 3: ಅಂಟು

11 ತುಂಡು ಒಟ್ಟಿಗೆ ಅಂಟಿಸುವ ಆಸೆ ಬೇಡ. ಪಿವಿಎ ಹತ್ತು ನಿಮಿಷದೊಳಗೆ ಚರ್ಮ ಕಟ್ಟತೊಡಗುತ್ತದೆ. 4, 4, 3 ಹೀಗೆ ಮೂರು ಕಂತು, ಕೊನೆಗೆ ಮೂರನ್ನೂ ಸೇರಿಸುವುದು. ಪ್ರತಿ ತುಂಡಿನ ನಾರು ಯಾವ ಕಡೆ ಏಳುತ್ತದೆ ಎಂದು ನೋಡಿ ಬಾಣ ಗುರುತು ಹಾಕಿ, ಬಾಣಗಳೆಲ್ಲ ಒಂದೇ ದಿಕ್ಕಿಗೆ. ಇದನ್ನು ಮರೆತರೆ ಮುಂದಿನ ವಾರ ಒಂದು ಪಟ್ಟಿ ನಯವಾಗುವಾಗ ಪಕ್ಕದ್ದರ ನಾರು ಕಿತ್ತು ಬರುತ್ತದೆ.

ಕ್ಲ್ಯಾಂಪ್ ಬಿಗಿಯುವಲ್ಲಿ ಮತ್ತೆ "ಶಕ್ತಿ"ಯ ಪ್ರಶ್ನೆ. ಎಫ್-ಕ್ಲ್ಯಾಂಪಿನ ಹಿಡಿ 24 ಮಿ.ಮೀ. ದಪ್ಪ ಮಾತ್ರ ಇತ್ತು. ಹಿಡಿ ದಪ್ಪವಾದಷ್ಟೂ ಅದೇ ಬೆರಳೊತ್ತಿಗೆ ತಿರುಚು ಹೆಚ್ಚು. ಹಳೆಯ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ 34 ಮಿ.ಮೀ. ಮಾಡಿದ ಮೇಲೆ ಅದೇ ಕೈಗೆ ಅಂಟು ಎಲ್ಲ ಸಂದಿಯಲ್ಲೂ ಮಣಿಮಣಿಯಾಗಿ ಹೊರಬಂತು. ಬೇಕಾದದ್ದು ಅಷ್ಟೇ. ಅದಕ್ಕಿಂತ ಬಿಗಿದರೆ ಅಂಟೆಲ್ಲ ಹಿಂಡಿಹೋಗಿ ಒಣ ಸಂದಿ ಉಳಿಯುತ್ತದೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. 1940ರ ನವೆಂಬರ್‌ನಲ್ಲಿ ಮೊದಲು ಹಾರಿದ ಬ್ರಿಟನ್ನಿನ ಮೊಸ್ಕಿಟೊ ಯುದ್ಧವಿಮಾನದ ಮೈ ಬರ್ಚ್ ಪ್ಲೈವುಡ್ಡಿನ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದು. ಪೀಠೋಪಕರಣ ಕಾರ್ಖಾನೆಗಳಲ್ಲಿ ಅದರ ಭಾಗಗಳನ್ನು ಅಂಟಿಸಿ ಜೋಡಿಸಿದವರಲ್ಲಿ ಹೆಂಗಸರು ಬಹಳ ಮಂದಿ. ವಿಮಾನ ಹಾರಿತು.

ಎರಡನೇ ಕಂತಿನಲ್ಲಿ ತುಂಡುಗಳು ಜಾರಿ 0.8 ಮಿ.ಮೀ. ಮೆಟ್ಟಿಲು ಬಿತ್ತು. ಕ್ಲ್ಯಾಂಪ್ ಎಲ್ಲ ಕೆಳಗಿನಿಂದಲೇ ಹಾಕಿದ್ದೇ ತಪ್ಪು. ಮೂರನೆಯದಕ್ಕೆ ಒಂದು ಮೇಲೆ, ಒಂದು ಕೆಳಗೆ, 25 ಸೆಂ.ಮೀ.ಗೆ ಒಂದರಂತೆ, ಎರಡೂ ತುದಿಗೆ ಪ್ಯಾಕಿಂಗ್ ಟೇಪು ಸುತ್ತಿದ ಅಡ್ಡಕಟ್ಟಿಗೆ. ಟೇಪಿಗೆ ಅಂಟು ಹಿಡಿಯುವುದಿಲ್ಲ.

ವಾರ 4: ಮಟ್ಟ

ಅಂಟಿ ಒಣಗಿದ ಹಲಗೆ ಸುಮಾರು 25 ಕೆ.ಜಿ. ಇದನ್ನು ಯಾರೂ ಒಬ್ಬರೇ ಎತ್ತಲಿಲ್ಲ, ಎತ್ತುವುದೂ ಬೇಡ. ಒಂದು ತುದಿ ಕುದುರೆಯ (ಮರ ಇಡುವ ನಾಲ್ಕು ಕಾಲಿನ ಆಸರೆ) ಮೇಲಿಟ್ಟು ಇನ್ನೊಂದು ತುದಿ ಎತ್ತಿದರೆ ಕೈಗೆ ಅರ್ಧ ಭಾರ. ತಿರುಗಿಸುವಾಗಲೂ ಅದೇ ಉಪಾಯ, ಒಂದು ಮೂಲೆಯನ್ನು ನೆಲಕ್ಕೆ ಊರಿ ಸುತ್ತಿಸುವುದು.

60 ಸೆಂ.ಮೀ.ನ ಎರಡು ನೇರ ಪಟ್ಟಿ ಎರಡೂ ತುದಿಗೆ ಅಡ್ಡಲಾಗಿಟ್ಟು, ಬಗ್ಗಿ ಒಂದರ ಮೇಲಂಚಿನಿಂದ ಇನ್ನೊಂದನ್ನು ನೋಡಿದಾಗ ಹಲಗೆ 3 ಮಿ.ಮೀ. ತಿರುಚಿರುವುದು ಕಂಡಿತು. ಎತ್ತರದ ಎರಡು ಮೂಲೆಗೆ ಮೊದಲು ತೋಪಡ. ಆಮೇಲೆ ನಾರಿಗೆ 45 ಡಿಗ್ರಿ ಓರೆಯಾಗಿ ಒಂದು ಸುತ್ತು, ಎದುರು ಓರೆಯಲ್ಲಿ ಇನ್ನೊಂದು, ಕೊನೆಗೆ ಉದ್ದಕ್ಕೆ. ಇನ್ನೂ ಕಾಲಿಲ್ಲದ ಹಲಗೆಯನ್ನು 76ಕ್ಕೇ ಬರುವಂತೆ ಕುದುರೆಗಳ ಮೇಲೆ ಇಟ್ಟಿದ್ದರಿಂದ ವ್ಯತ್ಯಾಸ ಆಗಲೇ ಗೊತ್ತಾಯಿತು: ಎಡಗಾಲು ಮುಂದೆ, ಸೊಂಟ ತೋಪಡದ ಹಿಂದೆ, ಮೊಣಕೈ ಪಕ್ಕೆಗೆ ಒತ್ತಿ. ತಳ್ಳುವುದು ಹಿಂಗಾಲು. ತೋಳು ಬರೀ ದಾರಿ ತೋರಿಸುತ್ತದೆ. ಸುರುಳಿ ತುಂಡಾಗದೆ ಹಲಗೆಯ ಈ ತುದಿಯಿಂದ ಆ ತುದಿಗೆ ಬರಬೇಕು, ಬಂತು. ಕೊನೆಯ ದಪ್ಪ 65 ಮಿ.ಮೀ., ಅಗಲ 484.

ಕಾಲುಗಳ ತುಂಡು ಕತ್ತರಿಸಿದ್ದು ಟೇಬಲ್ ಗರಗಸದಲ್ಲಿ. ಅದರ ಎತ್ತರ 88 ಸೆಂ.ಮೀ. ಚಿಕ್ಕ ಮೈಯವರು ಅಲಗಿನ ಆಚೆಗೆ ಬಾಗಿ ಚಾಚುವುದು ಅಪಾಯ, ಆದ್ದರಿಂದ ನಿಲ್ಲಲು 12 ಸೆಂ.ಮೀ.ನ ಅಟ್ಟಣಿಗೆ, 90×120 ಅಳತೆ, ಅಂಚಿಗೆ ಹಳದಿ ಬಣ್ಣ. ಸಣ್ಣ ಪೆಟ್ಟಿಗೆಯ ಮೇಲೆ ನಿಲ್ಲುವುದಕ್ಕಿಂತ ನಿಲ್ಲದಿರುವುದೇ ವಾಸಿ. ಜಡೆ ಸುತ್ತಿ ಕಟ್ಟಬೇಕು. ಬಳೆ, ಉಂಗುರ, ಸಡಿಲ ತೋಳು ಬೇಡ. ಕೈಗವಸೂ ಬೇಡ, ತಿರುಗುವ ಅಲಗು ಬಟ್ಟೆಯ ಜೊತೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮಾಸ್ಕ್ ತರುವಾಗ ಸಣ್ಣ ಗಾತ್ರ ಕೇಳಿ ತರಬೇಕು. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮೂಗಿನ ಪಕ್ಕ ಸೋರುತ್ತಿದೆ ಎಂದರ್ಥ.

ವಾರ 5: ಬೆಸುಗೆ

ಕಾಲಿನ ಪೂರ್ತಿ ಉದ್ದ 73.5 ಸೆಂ.ಮೀ.: ನೆಲದಿಂದ 69.5, ಹಲಗೆಯೊಳಗೆ ಹೋಗುವ ನಾಲಿಗೆ 4. ಗಿಡ್ಡ ಅಡ್ಡಪಟ್ಟಿಯ ಟೆನನ್, ಅಂದರೆ ನಾಲಿಗೆ, ದಪ್ಪದ ಮೂರರಲ್ಲೊಂದು ಭಾಗ ಎಂಬ ಲೆಕ್ಕಕ್ಕೆ 15 ಮಿ.ಮೀ. ಬರಬೇಕು. ಕೈಲಿದ್ದ ಉಳಿ 16ರದ್ದು, ಆದ್ದರಿಂದ ನಾಲಿಗೆ 16. ಉಳಿಗೆ ತಕ್ಕ ಗೂಡು (ನಾಲಿಗೆ ಕೂರುವ ಕುಳಿ), ಗೂಡಿಗೆ ತಕ್ಕ ನಾಲಿಗೆ. ಮೊದಲು ಗೂಡು ಕೊರೆಯುವುದು. ನಾಲಿಗೆಯನ್ನು ಸವರಿ ತೆಳು ಮಾಡಬಹುದು, ಗೂಡನ್ನು ಚಿಕ್ಕದು ಮಾಡಲಾಗದು.

ಬಿಗಿಯಲು ಮರದ ಗೂಟ. ಕಾಲಿಗೆ 10 ಮಿ.ಮೀ. ತೂತು ಕೊರೆದು, ನಾಲಿಗೆ ಒಳಗಿಟ್ಟು ಬೈರಿಗೆಯ ಮೊನೆಯಿಂದ ಗುರುತು ಮಾಡಿ, ನಾಲಿಗೆಯ ತೂತನ್ನು ಗುರುತಿಗಿಂತ 1.5 ಮಿ.ಮೀ. ಭುಜದ (ನಾಲಿಗೆ ಶುರುವಾಗುವ ಮೆಟ್ಟಿಲಿನ) ಕಡೆಗೆ ಸರಿಸಿ ಕೊರೆಯಬೇಕು. ಚೂಪು ಮಾಡಿದ ಗೂಟ ಹೊಡೆದಾಗ ತೂತುಗಳು ಒಂದಕ್ಕೊಂದು ಎಳೆದು ಸಂದಿ ಮುಚ್ಚುತ್ತದೆ, ಕ್ಲ್ಯಾಂಪೇ ಬೇಡ. ಎಂಟರಲ್ಲಿ ಒಂದನ್ನು ಉಲ್ಟಾ, ತುದಿಯ ಕಡೆಗೆ ಸರಿಸಿ ಕೊರೆದದ್ದರಿಂದ ಗೂಟ ಇಳಿದಂತೆ ಸಂದಿ ಬಾಯಿಬಿಟ್ಟಿತು. ತೂತಿಗೆ ಮರದ ಬಿರಡೆ ಅಂಟಿಸಿ, ಒಂದು ದಿನ ಬಿಟ್ಟು ಮತ್ತೆ ಕೊರೆದದ್ದಾಯಿತು.

ಆ ಬಿರಡೆ ಪ್ರಸಂಗದಲ್ಲಿ ಒಂದು ನಿಯಮ ಗೋಡೆಗೆ ಬಂತು: ಇನ್ನೊಬ್ಬರ ಕೈಲಿರುವ ಉಪಕರಣ ತೆಗೆದುಕೊಳ್ಳಬಾರದು. "ಕೊಡಿ, ನಾನು ಮಾಡ್ಕೊಡ್ತೀನಿ" ಎಂಬ ಉಪಕಾರದಿಂದ ಕಲಿಯುವವರ ಕೈಗೆ ಏನೂ ಹತ್ತುವುದಿಲ್ಲ. ತೋರಿಸಲೇಬೇಕಿದ್ದರೆ ಬೇರೆ ತುಂಡಿನಲ್ಲಿ ತೋರಿಸಿ, ಅದನ್ನು ಅಲ್ಲೇ ಬಿಟ್ಟು ಹೋಗುವುದು.

ವಾರ 6: ಜೋಡಣೆ

ಉದ್ದ ಅಡ್ಡಪಟ್ಟಿಗೆ ಬೋಲ್ಟು, ಬಾಗಿಲು ದಾಟಿಸಬೇಕಾದರೆ ಬಿಚ್ಚಬಹುದು. ಹಲಗೆಯನ್ನು ಮುಂದಿನ ಎರಡು ಕಾಲಿಗೆ ಮಾತ್ರ ಅಂಟಿಸಿದೆವು. ಹಿಂದಿನ ಗೂಡು 3 ಮಿ.ಮೀ. ಅಗಲ ಹೆಚ್ಚು, ಅಂಟಿಲ್ಲ, 484 ಮಿ.ಮೀ. ಅಗಲದ ಪೈನ್ ಮಳೆಗಾಲಕ್ಕೂ ಬೇಸಿಗೆಗೂ ಎರಡು ಮೂರು ಮಿ.ಮೀ. ಉಬ್ಬಿ ಕುಗ್ಗುತ್ತದೆ, ಜಾಗ ಕೊಡದಿದ್ದರೆ ಸೀಳುತ್ತದೆ.

ಹೋಲ್ಡ್‌ಫಾಸ್ಟಿಗೆ (ತೂತಿಗೆ ಹೊಡೆದರೆ ಮರವನ್ನು ಬೆಂಚಿಗೆ ಒತ್ತಿ ಹಿಡಿಯುವ ಕಬ್ಬಿಣದ ಕೊಕ್ಕೆ) 19 ಮಿ.ಮೀ. ತೂತು ಏಳು. ಡ್ರಿಲ್ಲಿನಲ್ಲಿ ಇಷ್ಟು ದೊಡ್ಡ ಬಿಟ್ಟು (ಕೊರೆಯುವ ಕಡ್ಡಿ) ಮರದಲ್ಲಿ ಸಿಕ್ಕಿಕೊಂಡರೆ ಯಾರ ಮಣಿಕಟ್ಟನ್ನೂ ತಿರುಚಿಬಿಡುತ್ತದೆ. ಪಕ್ಕದ ಹಿಡಿ ಕಡ್ಡಾಯ, ಗೇರು ಒಂದನೆಯದು. ಎರಡು ತೂತಿನ ನಂತರ ಕೈಬೈರಿಗೆಗೇ ಬದಲಾದೆವು, ನಿಧಾನ ಆದರೂ ನೇರ. ಬಿಟ್ಟಿನ ಮೊನೆ ಕೆಳಗೆ ಕಂಡೊಡನೆ ನಿಲ್ಲಿಸಿ ಆ ಕಡೆಯಿಂದ ಮುಗಿಸಿದರೆ ಅಂಚು ಸಿಬಿರೇಳುವುದಿಲ್ಲ.

ಈಗಿನ ಸ್ಥಿತಿ: ಎತ್ತರ 76.2 ಸೆಂ.ಮೀ., ನಾಲ್ಕು ಕಾಲೂ ಊರಿವೆ, ಬಲಹಿಂದಿನ ಸಂದಿಯಲ್ಲಿ 0.4 ಮಿ.ಮೀ. ಬಿರುಕು ಉಳಿದಿದೆ, ಬಿಟ್ಟಿದ್ದೇವೆ. ಬೇಯಿಸಿದ ಅಗಸೆ ಎಣ್ಣೆ ಒಂದು ಕೈ ಆಗಿದೆ, ಎರಡನೆಯದು ಎರಡು ದಿನದ ನಂತರ. ಒರೆಸಿದ ಬಟ್ಟೆ ಮುದ್ದೆ ಮಾಡಿ ಬುಟ್ಟಿಗೆ ಹಾಕಿದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನಾಲ್ಕೂ ಬಟ್ಟೆ ಹೊರಗೆ ತಂತಿಯ ಮೇಲೆ, ಒಂದೊಂದಾಗಿ ಹರಡಿ ಒಣಗುತ್ತಿವೆ.