ಅಡಿಕೆ ಮರ ಮತ್ತು 48 ಡಿಗ್ರಿ

ನಾನು 2016ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಫೋನ್ ಬಂದಾಗ ಮೊದಲು ಕಣ್ಮುಂದೆ ಬಂದದ್ದು ನಮ್ಮ ಗಣಿತದ ಮೇಷ್ಟ್ರು ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ದೊಡ್ಡ ಲಂಬಕೋನ ತ್ರಿಭುಜ.

ಬೆಂಚುಗಳನ್ನು ಗೋಡೆಗೆ ಸರಿಸಿ, ನಮ್ಮಲ್ಲೊಬ್ಬನನ್ನು ಅದರ ಒಂದು ಮೂಲೆಯಲ್ಲಿ ನಿಲ್ಲಿಸಿದರು. "ನಿನ್ನ ಎದುರಿಗಿರೋ ಗೆರೆ ಯಾವುದು?" ತೋರಿಸಿದ. "ಅದು ಅಭಿಮುಖ ಬಾಹು. ನಿನ್ನ ಕಾಲಿಂದ ಲಂಬಕೋನಕ್ಕೆ ಹೋಗೋದು ಪಾರ್ಶ್ವ ಬಾಹು." ಆಮೇಲೆ ಅವನನ್ನು ಇನ್ನೊಂದು ಚೂಪು ಮೂಲೆಗೆ ಕಳಿಸಿದರು. ಎರಡು ಹೆಸರುಗಳೂ ಅದಲುಬದಲಾದವು. ಲಂಬಕೋನದ ಎದುರಿನ ಉದ್ದದ ಗೆರೆ, ಅಂದರೆ ವಿಕರ್ಣ, ಮಾತ್ರ ಕದಲಲಿಲ್ಲ. ಸೈನ್, ಕಾಸ್, ಟ್ಯಾನ್ ಎಂದು ಬಾಯಿಪಾಠ ಮಾಡಿ ತಲೆ ಕೆಡಿಸಿಕೊಂಡಿದ್ದ ನನಗೆ ಗಂಟು ಬಿಚ್ಚಿದ್ದು ಅವತ್ತು.

ಮರುದಿನ ಹೊರಗೆ ಕರೆದೊಯ್ದರು. ಕಾಂಪೌಂಡಿನಾಚೆ ಅಡಿಕೆ ತೋಟ, ಕೊಯ್ಲಿನ ಕಾಲ. ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ಮಧ್ಯಬಿಂದುವಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದೆವು. ಮರದ ಬುಡದಿಂದ 10 ಮೀಟರ್ ದೂರ ನಿಂತು ಸ್ಟ್ರಾದೊಳಗಿಂದ ನೆತ್ತಿ ನೋಡಿದೆ. ದಾರ 42ರ ಮೇಲೆ ನಿಂತಿತು. 90ರಲ್ಲಿ ಕಳೆದರೆ ಉನ್ನತ ಕೋನ, ಅಂದರೆ ನೋಟ ಮೇಲಕ್ಕೆ ಎತ್ತಿದ ಕೋನ, 48 ಡಿಗ್ರಿ. ಪಾಠದಲ್ಲಿ ಇದ್ದದ್ದು 30, 45, 60 ಮಾತ್ರ, ಹಾಗಾಗಿ ಟ್ಯಾನ್ 48 (ಅಭಿಮುಖ ಬಾಹುವನ್ನು ಪಾರ್ಶ್ವ ಬಾಹುವಿನಿಂದ ಭಾಗಿಸಿದ ಬೆಲೆ) ಎಂದರೆ 1.11 ಅಂತ ಮೇಷ್ಟ್ರೇ ಕೋಷ್ಟಕ ನೋಡಿ ಹೇಳಿದರು. ಗುಣಿಸಿ 11.1 ಮೀಟರ್ ಅಂದೆ.

"ನಿನ್ನ ಕಣ್ಣು ನೆಲದಲ್ಲಿದೆಯೇನೋ?"

ಕಣ್ಣಿನ ಎತ್ತರ 1.4 ಮೀಟರ್ ಕೂಡಿಸಿದೆ: 12.5. ಗೊನೆ ಕೊಯ್ಯಲು ಮರ ಹತ್ತಿದ್ದ ಕೊನೆಗೌಡರು ನಗುತ್ತಲೇ ಹಗ್ಗ ಇಳಿಬಿಟ್ಟರು. ನೆಲ ಮುಟ್ಟಿದಲ್ಲಿ ಗಂಟು ಹಾಕಿ, ಅವರು ಇಳಿದ ಮೇಲೆ ಟೇಪು ಹಿಡಿದರೆ 12 ಮೀಟರ್ 60 ಸೆಂಟಿಮೀಟರ್. ಕೋನದಲ್ಲಿ ಒಂದೇ ಡಿಗ್ರಿ ಹೆಚ್ಚಾಗಿದ್ದರೂ ಉತ್ತರ 40 ಸೆಂಟಿಮೀಟರ್ ಏರಿಬಿಡುತ್ತಿತ್ತು. ಆ ಗಂಟನ್ನು ಕೈಯಲ್ಲಿ ಹಿಡಿದು ನಿಂತಾಗ ಆದ ಖುಷಿ ನನಗೆ ಆಮೇಲೆ ಯಾವ ಅಂಕಪಟ್ಟಿಯಲ್ಲೂ ಸಿಗಲಿಲ್ಲ.

ತರಗತಿಗೆ ವಾಪಸ್ಸಾಗುವಾಗ ಮೇಷ್ಟ್ರು ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಕಥೆ ಹೇಳಿದ್ದರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಏಳೂವರೆ ಮೈಲಿಯ ಒಂದು ಗೆರೆಯನ್ನು ಸರಪಳಿಯಲ್ಲಿ ಅಳೆದು, ಅಲ್ಲಿಂದ ಕೋನಗಳನ್ನೇ ನಂಬಿ ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತಾ ಮಂಗಳೂರಿನವರೆಗೆ ಬಂದರಂತೆ.

ಡಿಪ್ಲೊಮಾ ಮುಗಿಸಿ ಈಗ ಊರಲ್ಲೇ ಮನೆ ಕಟ್ಟಿಸುವ ಕೆಲಸ ಮಾಡುತ್ತಿದ್ದೇನೆ. ನಮ್ಮ ಮಳೆಗೆ ಹಂಚಿನ ಮಾಡೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮೊದಲ ಮನೆಯ ಅಗಲ 8 ಮೀಟರ್, ಇಳಿಜಾರು 30 ಡಿಗ್ರಿ. ಗೋಡೆಯಿಂದ ನಡುವಿನವರೆಗೆ 4 ಮೀಟರ್ ಗೊತ್ತು, ಅದು ಪಾರ್ಶ್ವ ಬಾಹು. ಮಾಡಿನ ಇಳಿಜಾರಿಗೆ ಕೂರಿಸುವ ಮರದ ಪಕಾಸಿಯ ಉದ್ದ ಬೇಕು, ಅದು ವಿಕರ್ಣ. ಹಾಗಾದರೆ ಕಾಸ್, ಅಂದರೆ ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದ ಬೆಲೆ. ಕಾಸ್ 30 ಎಂದರೆ 0.866. ಅವಸರದಲ್ಲಿ ಗುಣಿಸಿದೆ, 3.46 ಬಂತು. ವಿಕರ್ಣ ಪಾರ್ಶ್ವ ಬಾಹುವಿಗಿಂತ ಗಿಡ್ಡ ಆಗೋಕೆ ಸಾಧ್ಯವೇ ಇಲ್ಲ! ಗರಗಸ ಹಿಡಿದಿದ್ದ ಆಚಾರಿಗೆ ನಿಲ್ಲಿ ಅಂದೆ. ಸಿಮೆಂಟ್ ಚೀಲದ ಮೇಲೆ ತ್ರಿಭುಜ ಬರೆದು, ಕೆಳಗಿನ ಮೂಲೆಯಲ್ಲಿ ಬೆರಳಿಟ್ಟು, ಈ ಸಲ ಭಾಗಿಸಿದೆ. 4.62. ಸೂರಿನ ಚಾಚಿಗೆ 60 ಸೆಂಟಿಮೀಟರ್ ಸೇರಿಸಿ 5.22 ಅಂತ ಗುರುತು ಹಾಕಿಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಮೊದಲ ಜೋಡಿ ಪಕಾಸಿ ಮೇಲೇರಿತು. ಎರಡೂ ತುದಿ ನೆತ್ತಿಯಲ್ಲಿ ಒಂದಕ್ಕೊಂದು ತಾಗಿ ಕೂತವು.